ಲೋಟನ ಹೆಂಡತಿ ಏನು ನೋಡಿದಳು?

ಬೈಬಲಿನ ಆದಿಕಾಂಡದ 19ನೇ ಅಧ್ಯಾಯದಲ್ಲಿ ಒಬ್ಬ ಹೆಂಗಸು ಬರುತ್ತಾಳೆ. ಅವಳಿಗೆ ಹೆಸರಿಲ್ಲ, ಒಂದು ಮಾತೂ ಇಲ್ಲ. ಪಾಪಿಗಳ ಊರೆಂದು ದೇವರು ಸೊದೋಮ್ ಪಟ್ಟಣದ ಮೇಲೆ ಬೆಂಕಿ ಮತ್ತು ಗಂಧಕ ಸುರಿಸುವ ಹೊತ್ತಿಗೆ ಗಂಡ ಲೋಟ ಮತ್ತು ಇಬ್ಬರು ಹೆಣ್ಣುಮಕ್ಕಳ ಜೊತೆ ಊರು ಬಿಟ್ಟು ಹೊರಟಿರುತ್ತಾಳೆ. ಹಿಂದಕ್ಕೆ ನೋಡಬಾರದು ಅಂತ ಮೊದಲೇ ಅಪ್ಪಣೆಯಾಗಿರುತ್ತದೆ. ಅವಳು ನೋಡುತ್ತಾಳೆ. ಉಪ್ಪಿನ ಕಂಬವಾಗುತ್ತಾಳೆ. 26ನೇ ವಚನ ಅಲ್ಲಿಗೆ ಮುಗಿಯಿತು. ಲೋಟ ಅತ್ತನೇ? ಮಕ್ಕಳು ಅಮ್ಮಾ ಎಂದು ಕೂಗಿದರೇ? ಒಂದಕ್ಷರವೂ ಇಲ್ಲ.

ಎರಡು ವಚನ ದಾಟಿದರೆ ಇನ್ನೊಬ್ಬರು ಅದೇ ಊರಿನ ಕಡೆ ನೋಡುತ್ತಾರೆ. ಬೆಳಿಗ್ಗೆ ಎದ್ದ ಲೋಟನ ಬಂಧು ಅಬ್ರಹಾಮ ದೂರದಿಂದ ಸೊದೋಮಿನ ಕಡೆ ಕಣ್ಣು ಹಾಯಿಸುತ್ತಾನೆ. ಕುಲುಮೆಯಿಂದ ಏಳುವಂಥ ಹೊಗೆ ಆ ಸೀಮೆಯಿಂದ ಏಳುತ್ತಿರುತ್ತದೆ. ಅವನಿಗೆ ಏನೂ ಆಗುವುದಿಲ್ಲ. ನೋಡಬೇಡ ಅಂತ ಅವನಿಗೆ ಯಾರೂ ಹೇಳಿರಲಿಲ್ಲ, ನಿಜ. ಆದರೂ ಈ ಎರಡು ನೋಟಗಳ ನಡುವೆ ನಾನು ಪ್ರತಿ ಸಲವೂ ನಿಂತುಬಿಡುತ್ತೇನೆ. ಅಬ್ರಹಾಮನ ಕಣ್ಣಿಗೆ ಬಿದ್ದದ್ದು ಹೊಗೆ ಅಂತ ಗ್ರಂಥ ಹೇಳುತ್ತದೆ. ಅವಳು ಏನು ನೋಡಿದಳು ಅಂತ ಹೇಳುವುದಿಲ್ಲ.

ಕವಿಗಳು ಕೈ ಇಟ್ಟಿದ್ದು ಈ ಜಾಗಕ್ಕೆ. ಬೈಬಲಿನ ಕಥೆಯನ್ನು ಅದರೊಳಗಿನ ಹೆಂಗಸಿನ ಕಡೆಯಿಂದ ಮತ್ತೆ ಹೇಳುವ ಕವಿತೆಗಳು ಅಂದರೆ ನನಗೆ ತುಂಬಾ ಪ್ರೀತಿ. ಸೀತೆ, ಊರ್ಮಿಳೆ, ಅಹಲ್ಯೆಯರ ಬಾಯಿಂದ ಕಥೆ ಕೇಳಿ ಗೊತ್ತಿರುವ ಓದುಗರಿಗೆ ಇದು ಅಪರಿಚಿತ ದಾರಿಯೇನಲ್ಲ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ರಾಮಾಯಣಕ್ಕೆ ನೂರಾರು ಪಾಠಗಳಿವೆ. ಪ್ರತಿ ಕವಿಯೂ ಘಟನೆಯನ್ನೇ ಒಂದಿಷ್ಟು ಆಚೀಚೆ ಮಾಡಬಹುದು. ಬೈಬಲಿನ ವಚನಕ್ಕೆ ಸಂಖ್ಯೆ ಇದೆ, ಅದು ಕದಲುವುದಿಲ್ಲ. ಅವಳು ನೋಡಿದ್ದು ನಿಜ, ಉಪ್ಪಾದದ್ದು ನಿಜ. ಕವಿಗೆ ಉಳಿಯುವುದು ಆ ಎರಡರ ನಡುವಿನ ಒಂದು ಕ್ಷಣ. ಒಳ್ಳೆಯ ಕವಿತೆಗಳು ಆ ಕ್ಷಣದಲ್ಲೇ ನಿಲ್ಲುತ್ತವೆ. ಕಥೆಯನ್ನು ಹಾಗೇ ಬಿಟ್ಟು, ನಾವು ನಿಂತು ನೋಡುವ ಜಾಗವನ್ನು ಮಾತ್ರ ಬದಲಾಯಿಸುತ್ತವೆ.

ರಷ್ಯಾದ ಅನ್ನಾ ಅಖ್ಮತೋವಾ ಅವರ ‘ಲೋಟನ ಹೆಂಡತಿ’ ಬರೀ ಹದಿನಾರು ಸಾಲಿನ ಕವಿತೆ. 1922ರಿಂದ 1924ರ ನಡುವೆ ಬರೆದದ್ದು. ಮೊದಲ ಎರಡು ಸಾಲಿನಲ್ಲೇ ಲೋಟ ದೇವದೂತನ ಹಿಂದೆ ಕಪ್ಪು ಬೆಟ್ಟದ ಮೇಲೆ ನಡೆದು ಹೋಗಿಬಿಡುತ್ತಾನೆ. ಆಮೇಲೆ ಕವಿತೆಗೆ ಅವನು ಬೇಕಾಗಿಲ್ಲ. ಹೆಂಡತಿಯ ಒಳಗಿನ ಸಂಕಟ ಮಾತಾಡತೊಡಗುತ್ತದೆ. ಇನ್ನೂ ಹೊತ್ತು ಮೀರಿಲ್ಲ, ನೋಡು ಅನ್ನುತ್ತದೆ. ನೀನು ಹುಟ್ಟಿದ ಸೊದೋಮಿನ ಕೆಂಪು ಗೋಪುರಗಳು ಕಾಣುತ್ತವೆ. ನೀನು ಹಾಡಿದ ಚೌಕ, ನೂಲು ತೆಗೆದ ಅಂಗಳ, ಗಂಡನಿಗೆ ಮಕ್ಕಳನ್ನು ಹೆತ್ತುಕೊಟ್ಟ ಎತ್ತರದ ಮನೆಯ ಖಾಲಿ ಕಿಟಕಿಗಳು. ಅಷ್ಟೇ. ಸೊದೋಮ್ ಅಂದರೆ ಪಾಪ ಅಂತ ಸಾವಿರಾರು ವರ್ಷ ಕೇಳಿದ ಕಿವಿಗೆ ಅದು ಒಬ್ಬಳು ಬಾಳಿದ ಮನೆ ಅಂತ ಮೊದಲ ಸಲ ಕೇಳಿಸುತ್ತದೆ. ಪಾಪಿಗಳ ಪಟ್ಟಣದಲ್ಲೂ ಅಂಗಳ ಇರುತ್ತದೆ, ಅಲ್ವಾ? ಅಲ್ಲೂ ಬಾಣಂತನಗಳು ಆಗಿರುತ್ತವೆ.

ಇದನ್ನು ಬರೆಯುವಾಗ ಅಖ್ಮತೋವಾ ತಾವೇ ಒಂದು ಉರಿಯುವ ಊರಿನಲ್ಲಿ ಇದ್ದರು. ಅವರ ಮೊದಲ ಗಂಡ, ಕವಿ ನಿಕೊಲಾಯ್ ಗುಮಿಲ್ಯೋವ್ ಅವರನ್ನು 1921ರಲ್ಲಿ ಸೋವಿಯತ್ ಸರ್ಕಾರ ಗುಂಡಿಟ್ಟು ಕೊಂದಿತ್ತು. ಸ್ನೇಹಿತರು ಒಬ್ಬೊಬ್ಬರಾಗಿ ದೇಶ ಬಿಡುತ್ತಿದ್ದರು. ಇವರು ಬಿಡಲಿಲ್ಲ. ಕವಿತೆ ಬರೆದ ಸ್ವಲ್ಪ ಕಾಲದಲ್ಲೇ ಅವರ ಹೊಸ ಸಂಕಲನಗಳ ಪ್ರಕಟಣೆ ನಿಂತುಹೋಯಿತು. 1940ರವರೆಗೆ ಅದೇ ಸ್ಥಿತಿ. ಹಿಂದಕ್ಕೆ ನೋಡುವುದು ಅವರಿಗೆ ಕುತೂಹಲದ ವಿಷಯ ಆಗಿರಲಿಲ್ಲ. ಕವಿತೆಯ ಕೊನೆಗೆ ಒಂದು ಪ್ರಶ್ನೆ ಬರುತ್ತದೆ. ಈ ಹೆಂಗಸಿಗಾಗಿ ಅಳುವವರು ಯಾರು, ಕಳೆದುಕೊಂಡದ್ದರಲ್ಲೆಲ್ಲ ಇವಳೇ ತೀರಾ ಸಣ್ಣವಳಲ್ಲವೇ ಅಂತ. ಒಂದು ನೋಟಕ್ಕಾಗಿ ಪ್ರಾಣ ಕೊಟ್ಟವಳನ್ನು ನನ್ನ ಹೃದಯ ಮಾತ್ರ ಮರೆಯುವುದಿಲ್ಲ ಅನ್ನುವುದೇ ಕವಿತೆಯ ಉತ್ತರ. ಕವಿ ‘ನಾನು’ ಎಂದು ಬಾಯಿ ತೆರೆಯುವುದು ಆ ಜಾಗದಲ್ಲಿ ಮಾತ್ರ. ಲೋಟ ಅಳಲಿಲ್ಲ, ಗ್ರಂಥ ಅಳಲಿಲ್ಲ, ನಾನು ಅಳುತ್ತೇನೆ ಅಂದ ಹಾಗಿದೆ. ದೇವರನ್ನು ಬೈಯುವುದಿಲ್ಲ, ಅವಳು ತಪ್ಪು ಮಾಡಲಿಲ್ಲ ಅಂತ ವಾದವನ್ನೂ ಹೂಡುವುದಿಲ್ಲ. ಸತ್ತವಳಿಗೆ ಸಲ್ಲಬೇಕಾದ ಕಣ್ಣೀರನ್ನು ಸಲ್ಲಿಸುತ್ತದೆ. ನನಗೆ ಇದಕ್ಕಿಂತ ದೊಡ್ಡ ಧೈರ್ಯ ಕಾಣುವುದಿಲ್ಲ.

ಸುಮಾರು ಐವತ್ತು ವರ್ಷದ ನಂತರ ಪೋಲೆಂಡಿನ ವಿಸ್ಲಾವಾ ಶಿಂಬೋರ್ಸ್ಕಾ ಅದೇ ಹೆಂಗಸನ್ನು ಎತ್ತಿಕೊಂಡರು. 1976ರ ಸಂಕಲನದಲ್ಲಿ ಬಂದ ಕವಿತೆ. ಇಲ್ಲಿ ಅವಳೇ ಮಾತಾಡುತ್ತಾಳೆ. ಕುತೂಹಲದಿಂದ ನೋಡಿದೆ ಅಂತ ಜನ ಹೇಳುತ್ತಾರೆ, ಆದರೆ ಬೇರೆ ಕಾರಣಗಳೂ ಇದ್ದಿರಬಹುದು ಅಂತ ಶುರುಮಾಡುತ್ತಾಳೆ. ಆಮೇಲೆ ಕಾರಣದ ಮೇಲೆ ಕಾರಣ. ಬೆಳ್ಳಿಯ ಬಟ್ಟಲೊಂದು ಬಿಟ್ಟುಹೋಯಿತಲ್ಲ ಅನ್ನುವ ಸಂಕಟ. ಚಪ್ಪಲಿಯ ಬಾರು ಕಟ್ಟಿಕೊಳ್ಳುವಾಗ ಸುಮ್ನೆ ತಿರುಗಿದ್ದು. ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದಾರಾ ಎಂಬ ಭಯ. ಇದ್ದಕ್ಕಿದ್ದಂತೆ ಎಲ್ಲ ನಿಶ್ಶಬ್ದವಾದಾಗ, ದೇವರು ಮನಸ್ಸು ಬದಲಾಯಿಸಿದನೇನೋ ಎಂಬ ಆಸೆ. ಕದ್ದು ಓಡಿಹೋಗುತ್ತಿದ್ದೇವಲ್ಲ ಎಂಬ ನಾಚಿಕೆ. ಒಂಟಿತನ. ಸಿಟ್ಟು. ಗಾಳಿಗೆ ಬಿಚ್ಚಿಕೊಂಡ ಕೂದಲು.

ಈ ಸಾಲಿನಲ್ಲಿ ಒಂದು ಕಾರಣ ನನ್ನನ್ನು ಬಿಡುವುದಿಲ್ಲ. ಗಂಡನ ನೀತಿವಂತ ಕತ್ತಿನ ಹಿಂಭಾಗವನ್ನು ಇನ್ನು ನೋಡಲಾರದೆ ತಿರುಗಿದೆ ಅನ್ನುತ್ತಾಳೆ. ತಾನು ಸತ್ತುಬಿದ್ದರೂ ಅವನು ನಿಲ್ಲುವುದಿಲ್ಲ ಅಂತ ಆ ಕ್ಷಣಕ್ಕೆ ಅವಳಿಗೆ ಖಚಿತವಾಗಿರುತ್ತದೆ. ಗ್ರಂಥವನ್ನು ಮತ್ತೆ ತೆಗೆದು ನೋಡಿ. ಅವಳು ಸತ್ತಳು, ಅವನು ನಿಲ್ಲಲಿಲ್ಲ. ಶಿಂಬೋರ್ಸ್ಕಾ ಏನನ್ನೂ ಹೊಸದಾಗಿ ಸೇರಿಸಲಿಲ್ಲ. ವಚನದಲ್ಲಿ ಇದ್ದದ್ದನ್ನೇ ಅವಳ ಕಣ್ಣಿನ ಎತ್ತರಕ್ಕೆ ತಂದಿಟ್ಟರು. ಒಂದು ಮದುವೆಯ ಪೂರ್ತಿ ಇತಿಹಾಸ ಮುಂದೆ ನಡೆಯುವವನ ಕತ್ತಿನಲ್ಲಿ ಕಾಣುತ್ತದೆ.

ಕವಿತೆ ಮುಂದುವರಿದ ಹಾಗೆ ಕಾರಣಗಳು ಒಂದನ್ನೊಂದು ಅಳಿಸುತ್ತಾ ಹೋಗುತ್ತವೆ. ಇಲ್ಲ, ನಾನು ನೋಡಲೇ ಇಲ್ಲ, ಓಡುತ್ತಲೇ ಇದ್ದೆ, ಕಾಲು ಜಾರಿ ತಿರುಗಿರಬೇಕು, ಬಿದ್ದಾಗ ಮುಖ ಊರಿನ ಕಡೆ ಇದ್ದಿರಬಹುದು ಎಂಬಲ್ಲಿಗೆ ಬರುತ್ತಾಳೆ. ದಾರಿಯಲ್ಲಿ ಹಾವು, ಜೇಡ, ಇಲಿ, ಹದ್ದಿನ ಮರಿಗಳೂ ಇವೆ. ಒಳ್ಳೆಯದೂ ಅಲ್ಲದ, ಕೆಟ್ಟದ್ದೂ ಅಲ್ಲದ ಜೀವಗಳೆಲ್ಲ ಪ್ರಾಣಭಯದಿಂದ ತೆವಳುತ್ತಿವೆ. ಈ ಒಂದು ನೋಟದಲ್ಲೇ ನೀತಿವಂತರು, ಪಾಪಿಗಳು ಎಂಬ ಲೆಕ್ಕ ಸಡಿಲವಾಗುತ್ತದೆ. ಅವಳಿಗೆ ಒಂದೇ ಕಾರಣ ಅಂಟಿಸಿ ಪಾಠ ಹೇಳಿದವರಿಗೆಲ್ಲ ಕವಿತೆ ಕೊಡುವ ಉತ್ತರ ಇದು. ಅವಳಿಗೂ ನಿಮ್ಮಷ್ಟೇ ಮನಸ್ಸುಗಳಿದ್ದವು. ಅಖ್ಮತೋವಾ ಅವಳಿಗೆ ಮನೆ ಕೊಟ್ಟರು, ಶಿಂಬೋರ್ಸ್ಕಾ ಗೊಂದಲ ಕೊಟ್ಟರು. ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನು ಅಖ್ಮತೋವಾ ಕಡೆ ವಾಲುತ್ತೇನೆ. ಆದರೆ ಬದುಕು ಶಿಂಬೋರ್ಸ್ಕಾ ಬರೆದ ಹಾಗೇ ಇರುತ್ತದೆ.

ಯೆಹೂದಿ ಧರ್ಮಗುರುಗಳಾದ ರಬ್ಬಿಗಳು ಈ ವಚನದ ಮುಂದೆ ಬಹಳ ಹಿಂದೆಯೇ ತಡೆದು ನಿಂತಿದ್ದರು ಎನ್ನುವುದನ್ನೂ ಹೇಳಬೇಕು. ಅವರ ಹಳೆಯ ವ್ಯಾಖ್ಯಾನವೊಂದರಲ್ಲಿ ಅವಳಿಗೆ ಹೆಸರಿದೆ. ಕಾರಣವೂ ಇದೆ. ಸೊದೋಮಿನಲ್ಲೇ ಮದುವೆಯಾಗಿ ಉಳಿದುಬಿಟ್ಟ ಹೆಣ್ಣುಮಕ್ಕಳ ಮೇಲಿನ ಕರುಳಿನ ಸೆಳೆತಕ್ಕೆ ಅವಳು ತಿರುಗಿದಳಂತೆ. ಗ್ರಂಥದಲ್ಲಿ ಇದಕ್ಕೆ ಜಾಗವೂ ಇದೆ. ಊರು ಬಿಡೋಣ ಬನ್ನಿ ಅಂತ ಲೋಟ ಕರೆದಾಗ ಅಳಿಯಂದಿರು ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡರು ಎಂಬ ಮಾತು ಅದೇ ಅಧ್ಯಾಯದಲ್ಲಿ ಬರುತ್ತದೆ.

ಇದೆಲ್ಲ ಈ ಕಾಲದ ಸ್ತ್ರೀವಾದದ ಕೂಸು, ಧರ್ಮಗ್ರಂಥದ ಮೇಲೆ ಹೊರಗಿನಿಂದ ಹೇರಿದ್ದು ಅಂತ ಅನೇಕರು ನಂಬಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಹೆಂಗಸಿನ ಕಣ್ಣಿನಿಂದ ಕಥೆಯನ್ನು ಪದ್ಯದಲ್ಲಿ ಮತ್ತೆ ಹೇಳುವ ಕೆಲಸ ಬೈಬಲಿನ ಒಳಗೇ ನಡೆದಿದೆ. ನ್ಯಾಯಸ್ಥಾಪಕರು ಪುಸ್ತಕದ 4ನೇ ಅಧ್ಯಾಯ ಗದ್ಯ. ಕಾನಾನ್ಯರ ಸೇನಾಪತಿ ಸೀಸೆರ ಯುದ್ಧ ಸೋತು ಓಡಿಬಂದು ಯಾಯೇಲಳ ಗುಡಾರದಲ್ಲಿ ಮಲಗುತ್ತಾನೆ. ಅವಳು ಅವನ ತಲೆಗೆ ಗುಡಾರದ ಗೂಟ ಜಡಿಯುತ್ತಾಳೆ. 5ನೇ ಅಧ್ಯಾಯ ಅದೇ ಕಥೆಯ ಹಾಡು, ಪ್ರವಾದಿನಿ ದೆಬೋರಳ ಹಾಡು. ಇಡೀ ಹೀಬ್ರೂ ಬೈಬಲಿನಲ್ಲಿ ತುಂಬಾ ಹಳೆಯ ಭಾಗಗಳಲ್ಲಿ ಇದೂ ಒಂದು ಅಂತ ಅನೇಕ ವಿದ್ವಾಂಸರು ಹೇಳುತ್ತಾರೆ. ಗದ್ಯದಲ್ಲಿ ಇಲ್ಲದ ಒಬ್ಬಳು ಈ ಹಾಡಿನ ಕೊನೆಯಲ್ಲಿ ಬರುತ್ತಾಳೆ. ಅವಳು ಸೀಸೆರನ ತಾಯಿ. ಕಿಟಕಿಯಿಂದ ಹೊರಗೆ ನೋಡುತ್ತಿದ್ದಾಳೆ. ಮಗನ ರಥ ಯಾಕಿನ್ನೂ ಬರಲಿಲ್ಲ, ಕುದುರೆಗಳ ಸದ್ದು ಯಾಕಿನ್ನೂ ಕೇಳಿಸುತ್ತಿಲ್ಲ ಅಂತ ಕಾಯುತ್ತಿದ್ದಾಳೆ. ಅವನು ಸತ್ತಿದ್ದಾನೆ ಅಂತ ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ.

ದೆಬೋರ ಅವಳ ಮೇಲೆ ಕರುಣೆ ತೋರುವುದಿಲ್ಲ. ಕೊಳ್ಳೆ ಹಂಚಿಕೊಳ್ಳುತ್ತಿರಬೇಕು, ಒಬ್ಬೊಬ್ಬ ಗಂಡಸಿಗೆ ಒಬ್ಬಿಬ್ಬರು ಹುಡುಗಿಯರು ಸಿಕ್ಕಿರಬೇಕು ಅಂತ ಆ ತಾಯಿ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾಳೆ. ಬೇರೆಯವರ ಹೆಣ್ಣುಮಕ್ಕಳು ತನ್ನ ಮಗನಿಗೆ ಸಿಗುವ ಸಾಮಾನು ಎಂಬಷ್ಟು ಸಲೀಸಾಗಿ. ಭಯಂಕರವಾದ ಸಾಲುಗಳು ಇವು. ಹೆಂಗಸನ್ನು ನೋಡುವುದು ಅಂದರೆ ಅವಳನ್ನು ಒಳ್ಳೆಯವಳನ್ನಾಗಿ ಮಾಡುವುದಲ್ಲ ಅಂತ ಈ ಹಾಡಿಗೆ ಅಷ್ಟು ಹಿಂದೆಯೇ ಗೊತ್ತಿತ್ತು.

ಮುಂದೆ ಈ ಕೆಲಸವನ್ನು ಆರಾಧನೆಯ ಹಾಡುಗಳೇ ಮಾಡಿದವು. ಸಿರಿಯಾಕ್ ಭಾಷೆಯ ಕ್ರೈಸ್ತರ ಬಗ್ಗೆ ಹೇಳಲೇಬೇಕು. 373ರಲ್ಲಿ ತೀರಿಕೊಂಡ ಸಂತ ಎಫ್ರೇಮರು ತಮ್ಮ ಸ್ತುತಿಗೀತೆಗಳನ್ನು ಹೆಂಗಸರ ಮೇಳಕ್ಕೆ ಕಲಿಸಿ ಹಾಡಿಸಿದರು ಅಂತ ಆ ಪರಂಪರೆ ನೆನೆಯುತ್ತದೆ. ಅವರ ನಂತರದ ಕಾಲದಲ್ಲಿ ಹೆಸರು ತಿಳಿಯದ ಕವಿಯೊಬ್ಬರು ಅಬ್ರಹಾಮ ಮಗನನ್ನು ಬಲಿ ಕೊಡಲು ಹೊರಟ ಕಥೆಯನ್ನು ಪದ್ಯದಲ್ಲಿ ಬರೆದಿದ್ದಾರೆ. ಆದಿಕಾಂಡದ 22ನೇ ಅಧ್ಯಾಯ ಓದಿದವರಿಗೆ ಗೊತ್ತು, ಅಲ್ಲಿ ಸಾರಾ ಇಲ್ಲವೇ ಇಲ್ಲ. ಮುದಿವಯಸ್ಸಿನಲ್ಲಿ ಹುಟ್ಟಿದ ಒಬ್ಬನೇ ಮಗ. ಗಂಡ ಬೆಳಗಿನ ಜಾವ ಎದ್ದು ಕತ್ತೆಗೆ ತಡಿ ಹಾಕಿ, ಕಟ್ಟಿಗೆ ಸೀಳಿಕೊಂಡು ಹೊರಡುತ್ತಾನೆ. ತಾಯಿಗೆ ಹೇಳಿದನೇ? ಅವಳು ನಿದ್ದೆಯಲ್ಲಿದ್ದಳೇ? ಗ್ರಂಥ ಏನನ್ನೂ ಹೇಳುವುದಿಲ್ಲ. ಮುಂದಿನ ಅಧ್ಯಾಯ ತೆರೆಯುವುದೇ ಅವಳು 127 ವರ್ಷ ಬದುಕಿ ಸತ್ತಳು ಎಂಬ ಮಾತಿನಿಂದ.

ಸಿರಿಯಾಕ್ ಕವಿ ಅವಳನ್ನು ಬಾಗಿಲಿಗೆ ತಂದು ನಿಲ್ಲಿಸುತ್ತಾರೆ. ಮಗುವನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೀರಿ ಅಂತ ಅವಳು ಕೇಳುತ್ತಾಳೆ. ತನ್ನನ್ನೂ ಕರೆದುಕೊಂಡು ಹೋಗಿ ಅನ್ನುತ್ತಾಳೆ. ಬೆಟ್ಟದಿಂದ ವಾಪಸ್ ಬಂದಾಗ ಅಬ್ರಹಾಮ ಒಬ್ಬನೇ ಮನೆಯೊಳಗೆ ಬರುತ್ತಾನೆ. ಅವಳ ಮನಸ್ಸು ನೋಡಲು ಮಗನನ್ನು ಹೊರಗೇ ನಿಲ್ಲಿಸಿರುತ್ತಾನೆ. ಮಗ ಹೋಗಿಬಿಟ್ಟ ಅಂದುಕೊಂಡು ಅವಳು ಆಡುವ ಮಾತು ಕರುಳು ಹಿಂಡುತ್ತದೆ. ನಾನು ಹದ್ದಾಗಿದ್ದರೆ ಹಾರಿ ಹೋಗಿ ನನ್ನ ಒಬ್ಬನೇ ಮಗನನ್ನು ಕಟ್ಟಿದ ಜಾಗವನ್ನು ನೋಡುತ್ತಿದ್ದೆ ಅನ್ನುತ್ತಾಳೆ. ಅವಳು ಇಲ್ಲಿ ದೇವರ ವಿರುದ್ಧ ನಿಲ್ಲುವುದಿಲ್ಲ. ಅವಳ ನಂಬಿಕೆ ಗಂಡನಷ್ಟೇ ಗಟ್ಟಿ ಅಂತ ತೋರಿಸುವುದೇ ಕವಿಯ ಉದ್ದೇಶ. ಆದರೆ ಅಬ್ರಹಾಮನಿಗೆ ಪರೀಕ್ಷೆ ಒಂದು ಸಲ ಆದರೆ ಇವಳಿಗೆ ಎರಡು ಸಲ, ಒಮ್ಮೆ ಕಳಿಸುವಾಗ, ಒಮ್ಮೆ ಗಂಡ ಒಬ್ಬನೇ ವಾಪಸ್ ಬಂದಾಗ. ಇದನ್ನು ಕಂಡವರು ಒಬ್ಬ ಭಕ್ತ. ಭಕ್ತಿಯಿಂದಲೇ ಕಂಡರು.

ಒಂಬತ್ತನೇ ಶತಮಾನದ ಕಾನ್‌ಸ್ಟಾಂಟಿನೋಪಲ್‌ನ ಕಾಸ್ಸಿಯಾ ಸನ್ಯಾಸಿನಿ, ಕವಿ, ಹಾಡು ಕಟ್ಟುವವರು. ಲೂಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಒಬ್ಬ ಪಾಪಿ ಹೆಂಗಸು ಊಟದ ಮನೆಗೆ ಬಂದು, ಯೇಸುವಿನ ಪಾದಗಳನ್ನು ಕಣ್ಣೀರಿನಿಂದ ತೊಳೆದು, ಕೂದಲಿನಿಂದ ಒರೆಸಿ, ಸುಗಂಧ ತೈಲ ಹಚ್ಚುತ್ತಾಳೆ. ಅಲ್ಲಿ ಮಾತಾಡುವವರೆಲ್ಲ ಗಂಡಸರು. ಮನೆಯ ಯಜಮಾನ ಸೀಮೋನ ಮನಸ್ಸಿನಲ್ಲೇ ಅವಳನ್ನು ತೂಗುತ್ತಾನೆ. ಆಗ ಯೇಸು ಅವನಿಗೆ ಕೇಳುವ ಪ್ರಶ್ನೆ, ಈ ಹೆಂಗಸನ್ನು ನೋಡುತ್ತೀಯಾ ಅಂತ. ಅವಳು ಅವನ ಕಣ್ಣೆದುರಿಗೇ ಇದ್ದಳು. ಆದರೂ ಕೇಳಬೇಕಾಯಿತು.

ಕಾಸ್ಸಿಯಾ ಆ ಹೆಂಗಸಿಗೆ ಮಾತು ಕೊಟ್ಟರು. ಅವಳ ರಾತ್ರಿಗಳು ಚಂದ್ರನಿಲ್ಲದವು. ಮೋಡಗಳ ಮೂಲಕ ಸಮುದ್ರದ ನೀರನ್ನು ಎತ್ತುವವನೇ, ನನ್ನ ಕಣ್ಣೀರಿನ ಊಟೆಗಳನ್ನು ತೆಗೆದುಕೋ ಎಂದು ಬೇಡುತ್ತಾಳೆ. ಆಮೇಲೆ ಆ ಪಾದಗಳಿಗೆ ಮುತ್ತಿಡುತ್ತೇನೆ ಅನ್ನುವಾಗ ಕಾಸ್ಸಿಯಾ ಎಲ್ಲಿಂದಲೋ ಹವ್ವಳನ್ನು ಕರೆತರುತ್ತಾರೆ. ಏದೆನ್ ತೋಟದಲ್ಲಿ ಸಂಜೆ ಹೊತ್ತು ಹವ್ವ ಯಾರ ಹೆಜ್ಜೆಸಪ್ಪಳ ಕೇಳಿ ಹೆದರಿ ಅಡಗಿದಳೋ ಅದೇ ಪಾದಗಳು ಇವು. ಮೊದಲ ಹೆಂಗಸು ಹೆದರಿ ಓಡಿದ ಪಾದಗಳನ್ನು ಈ ಹೆಂಗಸು ಕೈಯಲ್ಲಿ ಹಿಡಿದಿದ್ದಾಳೆ. ಇಡೀ ಬೈಬಲನ್ನು ಒಂದು ಸಾಲಿನಲ್ಲಿ ಮಡಚಿಟ್ಟ ಹಾಗಿದೆ ಈ ಕಲ್ಪನೆ. ಗ್ರೀಕ್ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಈಸ್ಟರ್‌ಗೆ ಮೊದಲಿನ ಪವಿತ್ರ ವಾರದ ಮಂಗಳವಾರ ರಾತ್ರಿ ಇದನ್ನು ಈಗಲೂ ಹಾಡುತ್ತಾರೆ. ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿನ ಬಾಯಿಗೆ ಬರೆದುಕೊಟ್ಟ ಮಾತು ಸಾವಿರದ ನೂರಕ್ಕೂ ಜಾಸ್ತಿ ವರ್ಷದಿಂದ ಪೂಜೆಯ ಭಾಗವಾಗಿದೆ.

ವಾದಕ್ಕೇ ಇಳಿದ ಕವಿತೆಗಳೂ ಇವೆ. 1611ರಲ್ಲಿ, ಕಿಂಗ್ ಜೇಮ್ಸ್ ಬೈಬಲ್ ಅಚ್ಚಾದ ವರ್ಷವೇ, ಲಂಡನ್ನಿನಲ್ಲಿ ಎಮಿಲಿಯಾ ಲಾನಿಯರ್ ಎಂಬಾಕೆಯ ದೀರ್ಘ ಕವಿತೆ ಬಂತು. ಮತ್ತಾಯನ ಸುವಾರ್ತೆಯಲ್ಲಿ, ಯೇಸುವನ್ನು ಶಿಲುಬೆಗೆ ಒಪ್ಪಿಸಿದ ರೋಮನ್ ಅಧಿಪತಿ ಪಿಲಾತನ ಹೆಂಡತಿಗೆ ಇರುವುದು ಒಂದೇ ವಚನ. ಕನಸು ಕಂಡೆ, ಆ ನೀತಿವಂತನ ತಂಟೆಗೆ ಹೋಗಬೇಡ ಅಂತ ಗಂಡನಿಗೆ ಹೇಳಿಕಳಿಸುತ್ತಾಳೆ. ಲಾನಿಯರ್ ಆ ಸಂದರ್ಭದಲ್ಲೇ ಹವ್ವಳ ಪರವಾದ ವಾದವನ್ನು ಹೂಡುತ್ತಾರೆ. ಹವ್ವ ಹಣ್ಣು ಕೊಟ್ಟದ್ದು ಪ್ರೀತಿಯಿಂದ, ಬಲಶಾಲಿಯಾದ ಆದಾಮನೇ ಬೇಡ ಅನ್ನಬಹುದಿತ್ತು. ಅವಳ ಒಂದು ತಪ್ಪಿಗೆ ನಮ್ಮನ್ನು ಆಳುವುದಾದರೆ, ಈಗ ಗಂಡಸರು ಮಾಡುತ್ತಿರುವ ಯೇಸುವಿನ ಈ ಕೊಲೆಯ ಮುಂದೆ ಅದು ಏನು, ನಮ್ಮ ಸ್ವಾತಂತ್ರ್ಯ ನಮಗೆ ಕೊಡಿ ಅಂತ ಕೇಳುತ್ತಾರೆ. ಆ ಕಾಲಕ್ಕೆ ಎಂಥ ಎದೆಗಾರಿಕೆ ಅದು!

ಲಾನಿಯರ್ ವಾದ ಗೆಲ್ಲುವುದು ಅದು ವಚನದ ಒಳಗೇ ನಿಂತು ಮಾತಾಡುವುದರಿಂದ. ಈಚೆಗೆ ಓದುವ ಇಂಥ ಕವಿತೆಗಳಲ್ಲಿ ಬಹಳಷ್ಟು ನನ್ನನ್ನು ತಾಕುವುದಿಲ್ಲ. ಹವ್ವ, ದೆಲೀಲ, ಲೋಟನ ಹೆಂಡತಿ ಎಲ್ಲರೂ ಒಂದೇ ದನಿಯಲ್ಲಿ ಘೋಷಣೆ ಕೂಗುತ್ತಾರೆ. ಹೆಸರು ಅಳಿಸಿದರೆ ಯಾರು ಯಾರೆಂದು ಗೊತ್ತಾಗುವುದಿಲ್ಲ. ಅಲ್ಲಿಗೆ ಅವಳು ಮತ್ತೆ ಒಂದು ಪಾಠವಾದಳು. ಮೊದಲು ಅವಿಧೇಯತೆಯ ಪಾಠವಾಗಿದ್ದವಳು ಈಗ ಬಂಡಾಯದ ಪಾಠವಾದಳು. ಬೆಳ್ಳಿಯ ಬಟ್ಟಲು ಎಲ್ಲಿ? ನೂಲು ತೆಗೆದ ಅಂಗಳ ಎಲ್ಲಿ? ಕವಿ ಅವಳ ಪಕ್ಕದಲ್ಲಿ ಸ್ವಲ್ಪ ಹೊತ್ತು ನಡೆಯದೆ ಅವಳ ಪರವಾಗಿ ಮಾತಾಡಲು ಆಗುವುದಿಲ್ಲ.

ತೀರಾ ಕಡಿಮೆ ಮಾತಿನಲ್ಲಿ ಇದನ್ನು ಸಾಧಿಸಿದವರು ಹೀಬ್ರೂ ಕವಿ ಡಾನ್ ಪಗಿಸ್. ಬಾಲ್ಯದಲ್ಲಿ ನಾಜಿ ಕಾಲದ ಸೆರೆಶಿಬಿರವನ್ನು ಕಂಡು ಬದುಕಿ ಉಳಿದವರು. 1970ರ ಅವರ ಕವಿತೆಗೆ ಆರೇ ಪುಟ್ಟ ಸಾಲು. ಬೀಗ ಜಡಿದ ರೈಲು ಬೋಗಿಯಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಬರೆದದ್ದು ಅಂತ ಶೀರ್ಷಿಕೆಯೇ ಹೇಳುತ್ತದೆ. ಬರೆದವಳು ಹವ್ವ. ಜೊತೆಗೆ ಮಗ ಹೇಬೆಲ ಇದ್ದಾನೆ. ದೊಡ್ಡ ಮಗ ಕಾಯಿನ ಸಿಕ್ಕರೆ ಅವನಿಗೆ ಹೇಳಿ, ನಾನು... ಅಂತ ಬರೆಯುವಾಗ ಕವಿತೆ ನಿಂತುಹೋಗುತ್ತದೆ. ಆದಿಕಾಂಡದಲ್ಲಿ ಕಾಯಿನ ಹೇಬೆಲನನ್ನು ಕೊಂದಾಗ ತಾಯಿ ಏನಂದಳು ಅಂತ ಇಲ್ಲ. ಪಗಿಸ್ ಕೂಡ ಅದನ್ನು ಹೇಳಲಿಲ್ಲ. ಸತ್ತವನಿಗೂ ಕೊಂದವನಿಗೂ ಅವಳೇ ತಾಯಿ ಎಂಬುದನ್ನು ಮಾತ್ರ ಎದುರಿಗಿಟ್ಟರು. ಶಪಿಸಲು ಹೊರಟಿದ್ದಳೋ, ಕ್ಷಮಿಸಲು ಹೊರಟಿದ್ದಳೋ? ನನಗೆ ಒಮ್ಮೆ ಹಾಗೆ ಕೇಳಿಸುತ್ತದೆ, ಒಮ್ಮೆ ಹೀಗೆ.

ಇನ್ನೂ ಬರೆಯಬೇಕಾದ ಹೆಂಗಸರು ತುಂಬಾ ಇದ್ದಾರೆ. ನನ್ನ ಮನಸ್ಸು ಯಾವಾಗಲೂ ಹೋಗುವುದು ಸಮುವೇಲನ ಎರಡನೆಯ ಪುಸ್ತಕದ 21ನೇ ಅಧ್ಯಾಯಕ್ಕೆ. ಮೂರು ವರ್ಷದ ಬರಗಾಲ. ಸತ್ತ ರಾಜ ಸೌಲ ಮಾಡಿದ ಪಾಪ ಅದಕ್ಕೆ ಕಾರಣ ಅಂತ ಗೊತ್ತಾಗುತ್ತದೆ. ಪ್ರಾಯಶ್ಚಿತ್ತವಾಗಿ ಅವನ ವಂಶದ ಏಳು ಮಂದಿಯನ್ನು ದಾವೀದ ಒಪ್ಪಿಸುತ್ತಾನೆ. ಅವರನ್ನು ಬೆಟ್ಟದ ಮೇಲೆ ಕೊಂದು ತೂಗುಹಾಕುತ್ತಾರೆ. ಅದರಲ್ಲಿ ಇಬ್ಬರು ಸೌಲನ ಉಪಪತ್ನಿ ರಿಚ್ಪಳ ಮಕ್ಕಳು. ಅವಳು ಬಂಡೆಯ ಮೇಲೆ ಗೋಣಿತಟ್ಟು ಹಾಸಿಕೊಂಡು ಅಲ್ಲೇ ಕೂರುತ್ತಾಳೆ. ಜವೆಗೋದಿಯ ಸುಗ್ಗಿ ಶುರುವಾದಾಗ ಕೂತವಳು ಮಳೆ ಬೀಳುವವರೆಗೆ ಏಳುವುದಿಲ್ಲ. ಹಗಲು ಹಕ್ಕಿಗಳನ್ನು, ರಾತ್ರಿ ಕಾಡುಮೃಗಗಳನ್ನು ಓಡಿಸುತ್ತಾಳೆ. ಅವಳ ಬಾಯಿಂದ ಒಂದು ಮಾತೂ ಗ್ರಂಥದಲ್ಲಿಲ್ಲ. ಸುದ್ದಿ ದಾವೀದನಿಗೆ ಮುಟ್ಟುತ್ತದೆ. ಅವನು ಸೌಲ ಮತ್ತು ಸೌಲನ ಮಗ ಯೋನಾತಾನರ ಎಲುಬುಗಳನ್ನು ತರಿಸಿ, ಈ ಏಳು ಮಂದಿಯ ಎಲುಬುಗಳನ್ನೂ ಒಟ್ಟುಗೂಡಿಸುತ್ತಾನೆ. ದೇವರು ದೇಶದ ಮೊರೆಯನ್ನು ಕೇಳಿದನು ಎಂಬ ಮಾತು ಬರುವುದು ಆ ಸಮಾಧಿಯ ಸುದ್ದಿ ಮುಗಿದ ಮೇಲೆ. ಏಳು ಮಂದಿಯನ್ನು ಕೊಂದ ವಚನದ ಪಕ್ಕದಲ್ಲಿ ಆ ಮಾತಿಲ್ಲ.

ರಿಚ್ಪಳ ಮೇಲೆ ಕವಿತೆಗಳು ಬಂದಿವೆ. 1880ರಲ್ಲಿ ಟೆನಿಸನ್ ಅವಳ ಹೆಸರನ್ನೇ ಇಟ್ಟು, ಗಲ್ಲಿಗೇರಿದ ಮಗನ ಎಲುಬುಗಳನ್ನು ರಾತ್ರಿ ಹೊತ್ತು ಆಯ್ದುಕೊಳ್ಳುವ ಇಂಗ್ಲಿಷ್ ತಾಯಿಯೊಬ್ಬಳ ಕಥೆ ಬರೆದರು. ಆದರೆ ಏಳು ಮಂದಿಯಲ್ಲಿ ರಿಚ್ಪಳ ಮಕ್ಕಳು ಇಬ್ಬರೇ. ಉಳಿದ ಐವರು ಸೌಲನ ಮಗಳು ಮೇರಬಳ ಮಕ್ಕಳು. ಬಹುತೇಕ ಹೀಬ್ರೂ ಪ್ರತಿಗಳಲ್ಲಿ ಅದೇ ಜಾಗದಲ್ಲಿ ತಂಗಿ ಮೀಕಲಳ ಹೆಸರಿದೆ. ತಾಯಿ ಯಾರು ಎಂಬುದೇ ಗಟ್ಟಿಯಾಗಿ ಉಳಿದಿಲ್ಲ. ಹಕ್ಕಿಗಳನ್ನು ಓಡಿಸುವಾಗ ರಿಚ್ಪ ತನ್ನ ಇಬ್ಬರನ್ನು ಮಾತ್ರ ಕಾದಳು ಅಂತ ಗ್ರಂಥ ಹೇಳುವುದಿಲ್ಲ. ಏಳು ಮಂದಿಯನ್ನೂ ಕಾದಳು ಅಂತಲೇ ನಾನು ಓದುತ್ತೇನೆ. ಹಾಗಾದರೆ ಆ ಐವರ ತಾಯಿ ಎಲ್ಲಿದ್ದಳು? ಅವಳನ್ನು ಯಾರಾದರೂ ಮನೆಯೊಳಗೆ ಕೂಡಿಹಾಕಿದ್ದರೇ? ಬದುಕಿದ್ದಳೇ? ತನ್ನ ಮಕ್ಕಳ ಹೆಣಗಳನ್ನು ಇನ್ನೊಬ್ಬಳು ಕಾಯುತ್ತಿದ್ದಾಳೆ ಎಂಬ ಸುದ್ದಿ ಅವಳಿಗೆ ಯಾರ ಬಾಯಿಂದ ತಿಳಿಯಿತು? ರಿಚ್ಪಳಿಗೆ ಕವಿತೆಗಳಿವೆ. ನನಗೆ ಮೇರಬಳ ಕವಿತೆ ಓದಬೇಕಾಗಿದೆ. ಯಾರಾದರೂ ಕನ್ನಡದಲ್ಲಿ ಬರೆದರೆ ಇನ್ನೂ ಸಂತೋಷ.